ರಾಗಿ ಕೊಂಡ್ಕೋತಾರಾ?

ಕಳೆದ ಸುಗ್ಗಿಯಲ್ಲಿ ದೊಡ್ಡಬಳ್ಳಾಪುರದ ಹತ್ತಿರದ ತೋಟವೊಂದರಲ್ಲಿ ರಾಗಿ ಕಾರ್ಯಾಗಾರ ನಡೆಯಿತು. ತಲೆಗೆ 1,500 ರೂಪಾಯಿ ಟಿಕೆಟ್. ಬೆಂಗಳೂರಿನಿಂದ ನಲವತ್ತು ಜನ ಬಂದಿದ್ದರು. ಬೀಸುವ ಪದಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆಂದು ನನ್ನನ್ನೂ ಕರೆದಿದ್ದರು. ಪಕ್ಕದ ಊರಿನ ಅಜ್ಜಿಯೊಬ್ಬರು ಕಲ್ಲು ತಿರುಗಿಸುತ್ತ ಹಾಡಬೇಕು, ನಾನು ಅರ್ಥ ಹೇಳಬೇಕು.

ಬಂದವರು ಒಬ್ಬೊಬ್ಬರಾಗಿ ಗೂಟ ಹಿಡಿದು ತಿರುಗಿಸಿದರು, ಫೋಟೊ ತೆಗೆಸಿಕೊಂಡರು. ಬಿಡುವಿನಲ್ಲಿ, ನಿಮ್ಮ ಮನೆಯಲ್ಲಿ ಈಗಲೂ ಕಲ್ಲು ಇದೆಯಾ ಎಂದು ಅಜ್ಜಿಯನ್ನು ಕೇಳಿದೆ. “ಎಲ್ಲೈತಮ್ಮ! ಮಿಲ್‌ಗೆ ಹಾಕಿಸ್ಕೊಂಡು ಬತ್ತೀವಿ. ಇದು ಇವ್ರೇ ಎಲ್ಲಿಂದಲೋ ತಂದವ್ರೆ” ಎಂದರು. ಆಮೇಲೆ ದನಿ ತಗ್ಗಿಸಿ, “ಅಲ್ಲ ಕಣಮ್ಮ, ಬೀಸೋದು ಕಲ್ತು ಇವ್ರೇನ್ ಮಾಡ್ತಾರೆ? ರಾಗಿ ಕೊಂಡ್ಕೋತಾರಾ?”

ಕೊಳ್ಳಲಿಲ್ಲ. ಕೊಳ್ಳಲು ಅಲ್ಲಿ ಆ ಊರಿನ ರಾಗಿ ಇರಲೂ ಇಲ್ಲ. ಸಂಜೆ ಅಜ್ಜಿಗೆ ಐನೂರು ರೂಪಾಯಿ ಕೊಟ್ಟರು. ಅರ್ಥ ಹೇಳಿದ ನನಗೆ ಮೂರು ಸಾವಿರ. ನಾನು ತೆಗೆದುಕೊಂಡೆ.

ಲೆಕ್ಕ ಹಾಕೋಣ. 2025-26ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಕೆ.ಜಿ.ಗೆ 49 ರೂಪಾಯಿಯೂ ಆಗುವುದಿಲ್ಲ. ಒಂದು ಟಿಕೆಟ್ ಎಂದರೆ ಮೂವತ್ತು ಕೆ.ಜಿ. ರಾಗಿ. ನಲವತ್ತು ಟಿಕೆಟ್ ಎಂದರೆ ಹನ್ನೆರಡು ಕ್ವಿಂಟಲ್. ಮಳೆ ನಂಬಿದ ಒಂದು ಎಕರೆಯಲ್ಲಿ ಅಷ್ಟು ಬೆಳೆದರೆ ಪುಣ್ಯ. ಬೆಳೆದವನು ಆ ಬೆಂಬಲ ಬೆಲೆಗಾಗಿ ಫ್ರೂಟ್ಸ್ ಸಂಖ್ಯೆ ಹಿಡಿದು ಖರೀದಿ ಕೇಂದ್ರದಲ್ಲಿ ಸರದಿ ನಿಲ್ಲಬೇಕು. ಅಂದರೆ ರಾಗಿಗಿಂತ ರಾಗಿಯ ನೆನಪಿಗೇ ಹೆಚ್ಚು ಬೆಲೆ. ಆ ನೆನಪನ್ನು ಮಾರುವವರೂ ರೈತರಲ್ಲ.

ಮಕ್ಕಳಿಗೆ ರಾಗಿ ಪೈರಾದರೂ ಗೊತ್ತಾಗುತ್ತದಲ್ಲ ಎನ್ನುತ್ತಾರೆ ಸ್ನೇಹಿತರು. ಗೊತ್ತಾಗಲಿ. ಆದರೆ ಪೈರು ತೋರಿಸಿ, ಅದು ನಿಂತಿರುವ ನೆಲದ ಸುದ್ದಿಯನ್ನೇ ಎತ್ತದಿದ್ದರೆ ಅದು ಅರ್ಧ ಪಾಠ. ಇದೇ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಿತ್ತು. 2022ರ ಏಪ್ರಿಲ್ 4ರಂದು ಧರಣಿ ಕೂತ ರೈತರು, 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟೆವು ಎನ್ನುವವರೆಗೆ ಏಳಲಿಲ್ಲ. ಸಾವಿರದ ಇನ್ನೂರು ದಿನಗಳ ಹತ್ತಿರ. ಆಗಲೂ, ಸ್ವಇಚ್ಛೆಯಿಂದ ಕೊಡುವವರ ಭೂಮಿ ತೆಗೆದುಕೊಳ್ಳುತ್ತೇವೆ ಎಂಬ ಬಾಗಿಲು ತೆರೆದೇ ಇತ್ತು. 2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಕಾರ್ಯಾಗಾರಕ್ಕೆ ಬಂದವರಲ್ಲಿ ಇಬ್ಬರು ಊಟದ ಹೊತ್ತಿಗೆ ವಿಚಾರಿಸುತ್ತಿದ್ದುದೂ ಅದನ್ನೇ: ಇಲ್ಲಿ ಎಕರೆ ಎಷ್ಟಾಗುತ್ತೆ?

ಕಾರ್ಯಾಗಾರಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಇದೇ ತಾಲ್ಲೂಕಿನ ತೂಬಗೆರೆಯ ಹಲಸು ಬೆಳೆಗಾರರು ಸಂಘ ಕಟ್ಟಿಕೊಂಡರು. ಜಿಕೆವಿಕೆ ವಿಜ್ಞಾನಿಗಳು ಅವರ ಬೆನ್ನಿಗೆ ನಿಂತರು. ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ರೈತರಿಗೆ ತರಬೇತಿಗಳು ನಡೆಯುತ್ತವೆ. ಅಲ್ಲಿ ಕಲಿಯಲು ಬರುವವನು ರೈತ, ಕಲಿತದ್ದು ಸೇರುವುದು ಅವನ ಹೊಲಕ್ಕೆ. ನಗರದ ಕಾರ್ಯಾಗಾರದಲ್ಲಿ ಅವನು ಬರೀ ಹಿನ್ನೆಲೆ ಪರದೆ.

ಈ ಪರದೆ ನೇಯ್ದವರಲ್ಲಿ ನಾವು, ಸಾಹಿತ್ಯದ ವಿದ್ಯಾರ್ಥಿಗಳೂ ಇದ್ದೇವೆ. ಬೀಸುವ ಪದಗಳಲ್ಲಿ ತವರಿನ ಹಂಬಲ ಹುಡುಕಿದೆವು, ಲಯ ಹುಡುಕಿದೆವು. ಕೋಳಿ ಕೂಗುವ ಮೊದಲೇ ಎದ್ದು ಬೀಸಿದವಳ ರಟ್ಟೆ ನೋವು ನಮ್ಮ ಅಡಿಟಿಪ್ಪಣಿಗೂ ಬರಲಿಲ್ಲ. ಗಿರಣಿ ಬಂದಾಗ ಕಲ್ಲು ಹೊರಗಿಟ್ಟ ಹೆಂಗಸರು ನಿಟ್ಟುಸಿರು ಬಿಟ್ಟರು. ಪರಂಪರೆ ಹೋಯಿತೆಂದು ಅತ್ತವರು ನಾವು. ಆ ಅಳುವಿಗೇ ಈಗ ಟಿಕೆಟ್ ಹಚ್ಚಲಾಗಿದೆ.

ಮೊನ್ನೆ ಮತ್ತೆ ಕರೆ ಬಂತು. ಈ ಸಲ ಅವರೆಕಾಯಿ. ಬರುತ್ತೇನೆ, ಆದರೆ ಮೂರು ಮಾತು ಎಂದು ಬರೆದೆ. ಹಾಡುವವರಿಗೂ ಅರ್ಥ ಹೇಳುವವರಿಗೂ ಒಂದೇ ಸಂಭಾವನೆ ಕೊಡಿ. ಆ ಊರಿನವರು ಬೆಳೆದದ್ದನ್ನು ಅವರೇ ಹೇಳಿದ ಬೆಲೆಗೆ ಮಾರಲು ಜಾಗ ಕೊಡಿ. ಒಂದು ಗಂಟೆಯನ್ನು ಊರಿನ ರೈತರಿಗೆ ಬಿಡಿ. ಬೆಲೆಯ ಬಗ್ಗೆ, ನೀರಿನ ಬಗ್ಗೆ, ನೆಲದ ಬಗ್ಗೆ ಅವರು ಮಾತಾಡಲಿ, ನಾವು ಕೇಳೋಣ. “ಕೊನೆಯದು ಸ್ವಲ್ಪ ಹೆವಿ ಆಗುತ್ತೆ ಮೇಡಂ, ಜನ ವೀಕೆಂಡ್‌ಗೆ ಬರೋದು” ಎಂದು ಉತ್ತರ ಬಂತು. ನಾನು ಹೋಗುತ್ತಿಲ್ಲ.

ಒಂದು ಮಾತು ಉಳಿಯಿತು. ಅವತ್ತು ಅಜ್ಜಿಯ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಮನೆಯಲ್ಲಿ ಹೊಸ ರಾಗಿ ಇದೆ ಎಂದು ಅವರೇ ಹೇಳಿದ್ದರು. ಮೂರು ಸಾವಿರ ಜೇಬಿನಲ್ಲಿಟ್ಟುಕೊಂಡು ನಾನು ಸೀದಾ ಬಸ್ಸು ಹತ್ತಿದ್ದೆ.