ಇಂಜಿನ್ನಿನ ಪಾನಾ ನಮ್ಮ ಕೈಯಲ್ಲೇ ಇರಲಿ



ನಮ್ಮ ಕನಮಡಿ ಕಡೆ ಕರೆಂಟು ಕೈಕೊಟ್ಟ ದಿನ ದ್ರಾಕ್ಷಿಗೆ ನೀರು ಕೊಡೋದು ಬಾವಿ ಮೇಲಿನ ಡೀಸೆಲ್ ಇಂಜಿನ್ನು. ಹೋದ ಬ್ಯಾಸಗಿಯಲ್ಲಿ ನನ್ನದು ನಿಂತೇ ಬಿಟ್ಟಿತು. ಮೇಸ್ತ್ರಿಗಾಗಿ ಎರಡು ದಿನ ಕಾದೆ, ಬಳ್ಳಿ ಬಾಡಿತು. ಆತ ಬಂದು ಒಂದು ಸ್ಕ್ರೂ ಸಡಿಲಿಸಿ ಬಿಗಿದ, ಇಂಜಿನ್ನು ಓಡಿತು. ಅವನಿಗೆ ಕೊಟ್ಟ ರೊಕ್ಕ ಕೈಗಡ ತಂದದ್ದು.

ಆಗಿದ್ದೇನು? ಟಾಕಿ ಬರಿದಾಗುವ ತನಕ ಓಡಿಸಿದ್ದರಿಂದ ಪೈಪಿಗೆ ಗಾಳಿ ಹೊಕ್ಕಿತ್ತು. ಡೀಸೆಲ್ ತುಂಬಿ, ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಹರಿಸಿ ಬಿಗಿಯಬೇಕು. ಆಮೇಲೆ ಪಂಪಿನ ಹತ್ತಿರವೂ ಹಾಗೇ. ಇಷ್ಟು ಕಲಿಯಲು ಶಾಲೆ ಬೇಕೇ?

ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ನೋಡಿರಿ, ನಮ್ಮ ಧೂಳಿಗೆ ಅದು ಬೇಗ ಕಟ್ಟುತ್ತದೆ. ನೀಲಿ ಹೊಗೆ ಅಂದ್ರ ಇಂಜಿನ್ ಆಯಿಲ್ ಸುಡುತ್ತಿದೆ. ಕೈಪುಸ್ತಕ ಹೇಳಿದಷ್ಟು ತಾಸು ಓಡಿದ ಮೇಲೆ ಆಯಿಲ್ ಬದಲಿಸಿರಿ. ನಾಜಲ್ ಮಾತ್ರ ಬಿಚ್ಚಬೇಡಿ, ಅದಕ್ಕೆ ಪರೀಕ್ಷೆಯ ಯಂತ್ರವೇ ಬೇಕು.

ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ಮಾಡಿದಾಗ, ಭೂಮಿಗೆ ವಿಷವೆಂದು ರೈತರು ಅಂಜಿದ್ದರು. ಮುಂದೆ ಅದನ್ನೇ ಹಿಡಿದರು. ನಾವು ಇವತ್ತು ಪಾನಾಕ್ಕೆ ಅಂಜುವುದೇಕೆ?

ಮಾಲು ಮಾರುವಾಗ ದರ ದಲ್ಲಾಳಿಯದು, ಗೊಬ್ಬರ ಕೊಳ್ಳುವಾಗ ದರ ಅಂಗಡಿಯವನದು. ರಿಪೇರಿ ಖರ್ಚಾದರೂ ನಮ್ಮ ಹತೋಟಿಯಲ್ಲಿರಲಿ. ಮೇಸ್ತ್ರಿ ನಮ್ಮ ವೈರಿಯಲ್ಲ. ಅವನ ಮಗ್ಗಲಿಗೆ ಕೂತು ಕಲಿಯೋಣ. ಇಂಜಿನ್ನು ಕೊಳ್ಳುವಾಗ ಕನ್ನಡದ ಕೈಪುಸ್ತಕ ಕೇಳಿ ಪಡೆಯೋಣ. ಕೊಡದಿದ್ದರೆ ಊರೆಲ್ಲ ಕೂಡಿ ಕೇಳೋಣ. ಸಾಲ ತೀರಿಸುವ ಹಾದಿ ಉದ್ದದ್ದು, ಹೊಸ ಸಾಲ ತಪ್ಪಿಸುವುದು ಇಲ್ಲಿಂದಲೇ ಶುರುವಾಗಲಿ.