ತೂಕದ ಜೊತೆಗೆ ಎಣ್ಣೆಯ ಲೆಕ್ಕವೂ ಬೇಕು

ಗುಂಡ್ಲುಪೇಟೆಯಿಂದ ಊಟಿಯತ್ತ ಸಾಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಅರಳುವ ಸೂರ್ಯಕಾಂತಿ ಪ್ರವಾಸಿಗರ ಕಣ್ಣಿಗೆ ಹಬ್ಬ. ರೈತನಿಗೆ ನಾಲ್ಕು ಕಾಸು ತರುವ ಎಣ್ಣೆಕಾಳು. ಆದರೆ ತೀವ್ರ ಅಪೌಷ್ಟಿಕತೆಯಿಂದ ಬಳಲುವ ಮಗುವಿನ ಚಿಕಿತ್ಸಾ ಆಹಾರಕ್ಕೆ ಯಾವ ಎಣ್ಣೆ ಹಿತ ಎಂಬ ಪ್ರಶ್ನೆಯನ್ನು ನಮ್ಮ ವ್ಯವಸ್ಥೆ ಇನ್ನೂ ಗಂಭೀರವಾಗಿ ಪರಿಗಣಿಸಿದಂತಿಲ್ಲ.

ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ಅಪಾಯದ ಸೂಚನೆ. ಇಂಥ ಮಕ್ಕಳಲ್ಲಿ ಹಸಿವು ಸತ್ತವರನ್ನು, ಕಾಯಿಲೆಗೆ ಬಿದ್ದವರನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿಗೆ ದಾಖಲಿಸಲಾಗುತ್ತದೆ. ಅಲ್ಲಿ ಮೊದಲು ಎಫ್‌-75, ಚೇತರಿಕೆ ಕಂಡ ಮೇಲೆ ಎಫ್‌-100 ಎಂಬ ಹಾಲಿನ ಆಹಾರ. ಒಂದು ಲೀಟರ್ ಎಫ್‌-100 ತಯಾರಿಸಲು ಹಾಲು, ಸಕ್ಕರೆಯ ಜೊತೆ ಸುಮಾರು 20 ಗ್ರಾಂ ಸಸ್ಯಜನ್ಯ ಎಣ್ಣೆ ಬೇಕು. ಯಾವ ಎಣ್ಣೆ ಎಂಬುದು ಅಡುಗೆಮನೆಯ ದಾಸ್ತಾನಿಗೆ ಬಿಟ್ಟ ವಿಷಯವಾಗಿದೆ.

ಎಣ್ಣೆಗಳೆಲ್ಲ ಒಂದೇ ಅಲ್ಲ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಲಿನೋಲಿಯಿಕ್ ಆಮ್ಲವೆಂಬ ಒಮೆಗಾ-6 ಕೊಬ್ಬಿನಾಮ್ಲ. ಒಮೆಗಾ-3 ಇಲ್ಲವೆಂಬಷ್ಟು ಕಡಿಮೆ. ಇವೆರಡೂ ದೇಹದಲ್ಲಿ ಒಂದೇ ಕಿಣ್ವಗಳಿಗಾಗಿ ಪೈಪೋಟಿ ನಡೆಸುತ್ತವೆ. ಒಮೆಗಾ-6 ಅತಿಯಾದರೆ, ಮಿದುಳು ಮತ್ತು ಕಣ್ಣಿನ ಬೆಳವಣಿಗೆಗೆ ಅಗತ್ಯವಾದ ಡಿಎಚ್‌ಎ ಉತ್ಪತ್ತಿ ಕುಂಠಿತವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸಹಭಾಗಿಯಾಗಿದ್ದ 2007ರ ಜಂಟಿ ಹೇಳಿಕೆಯು ಸಿದ್ಧ ಚಿಕಿತ್ಸಾ ಆಹಾರದ ಒಟ್ಟು ಶಕ್ತಿಯಲ್ಲಿ ಒಮೆಗಾ-6ರ ಪಾಲು ಶೇ 3ರಿಂದ 10, ಒಮೆಗಾ-3ರ ಪಾಲು ಶೇ 0.3ರಿಂದ 2.5 ಇರಬೇಕೆಂದಿತ್ತು. ಆಫ್ರಿಕಾದ ಮಲಾವಿಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೊಂದು ಇನ್ನೂ ಮುಂದೆ ಹೋಯಿತು: ಲಿನೋಲಿಯಿಕ್ ಆಮ್ಲ ತಗ್ಗಿಸಿ, ಡಿಎಚ್‌ಎ ಸೇರಿಸಿದ ಆಹಾರ ಪಡೆದ ಮಕ್ಕಳ ಬೌದ್ಧಿಕ ಬೆಳವಣಿಗೆ ಉತ್ತಮವಾಗಿತ್ತು.

ಮೊದಲು ಜೀವ ಉಳಿಯಲಿ, ಉಳಿದದ್ದು ಆಮೇಲೆ ಎಂಬ ವಾದವಿದೆ. ಜೀವ ಉಳಿಸುವುದು ಮೊದಲ ಕರ್ತವ್ಯವೆಂಬುದು ನಿರ್ವಿವಾದ. ಆದರೆ ಮಿದುಳು ಅತಿ ವೇಗವಾಗಿ ಬೆಳೆಯುವ ವಯಸ್ಸೂ ಇದೇ ಆಗಿರುವುದರಿಂದ ‘ಆಮೇಲೆ’ ಎಂಬುದು ಬಹಳ ತಡವಾದೀತು. ಎಣ್ಣೆ ಬದಲಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗದೆಂಬುದೂ ನಿಜ. ಸಾಸಿವೆ, ಅಗಸೆಯಲ್ಲಿರುವ ಒಮೆಗಾ-3 ದೇಹದಲ್ಲಿ ಡಿಎಚ್‌ಎ ಆಗಿ ಪರಿವರ್ತನೆಯಾಗುವುದು ಅತ್ಯಲ್ಪ. ತಾಯಿಹಾಲು, ಮೀನು, ಮೊಟ್ಟೆಯ ಹಳದಿಯೇ ಅದರ ನೇರ ಮೂಲಗಳು.

ಚಾಮರಾಜನಗರ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ದುರ್ಲಭವಲ್ಲ. ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳಿವೆ. ಶೇಂಗಾ ಬೆಳೆಯುವ ರೈತರಿದ್ದಾರೆ. ಲಿನೋಲಿಯಿಕ್ ಆಮ್ಲ ತೀರಾ ಕಡಿಮೆಯಿರುವ, ಒಲೆಯಿಕ್ ಆಮ್ಲ ಹೇರಳವಾಗಿರುವ ಗಿರ್ನಾರ್-4 ಮತ್ತು ಗಿರ್ನಾರ್-5 ಶೇಂಗಾ ತಳಿಗಳು ನಮ್ಮ ದೇಶದಲ್ಲಿಯೇ ಅಭಿವೃದ್ಧಿಗೊಂಡಿವೆ.

ಆದ್ದರಿಂದ ಆಗಬೇಕಾದುದು ಇಷ್ಟು. ಪುನಶ್ಚೇತನ ಕೇಂದ್ರಗಳಲ್ಲಿ ಬಳಸುವ ಎಣ್ಣೆ ಯಾವುದೆಂದು ಆರೋಗ್ಯ ಇಲಾಖೆ ಮಕ್ಕಳ ತಜ್ಞರ ಸಲಹೆ ಪಡೆದು ನಿರ್ದಿಷ್ಟಪಡಿಸಲಿ. ಸೋಲಿಗರ ಪೋಡುಗಳಿಗೆ, ಜೇನುಕುರುಬರ ಹಾಡಿಗಳಿಗೆ ಸರ್ಕಾರ ವಿತರಿಸುವ ಪೌಷ್ಟಿಕ ಆಹಾರದ ಎಣ್ಣೆಗೂ ಅದೇ ವಿವೇಚನೆ ಅನ್ವಯಿಸಲಿ; ಏಕೆಂದರೆ ಕೇಂದ್ರದಿಂದ ಮರಳಿದ ಮಗುವಿನ ಮುಂದಿನ ಬೆಳವಣಿಗೆ ನಿರ್ಧಾರವಾಗುವುದು ಮನೆಯ ಒಲೆಯ ಮೇಲೆ. ಮರುತಪಾಸಣೆಗೆ ಬಂದ ಮಗುವಿನ ತೂಕದ ಜೊತೆಗೆ ಅದರ ಮಾತು, ಆಟ, ಗ್ರಹಿಕೆಯೂ ದಾಖಲಾಗಲಿ. ತಕ್ಕಡಿಯ ಮುಳ್ಳು ಮೇಲೇರಿದೊಡನೆ ಮಗು ಗುಣವಾಯಿತೆಂದು ಕಡತ ಮುಚ್ಚುವುದು ಅರ್ಧ ಚಿಕಿತ್ಸೆ ಮಾತ್ರ.