ಕಪ್ಪು ಟೀ, ಬಿಳಿ ಬೆಲ್ಲ!

ಗ್ರೀನ್ ಟೀ ಒಂದು ಗಿಡದ್ದು, ನಾವು ಕುಡಿಯೋ ಟೀ ಇನ್ನೊಂದು ಗಿಡದ್ದು ಅಂತ ನಂಬಿಕೊಂಡಿರೋರು ನಮ್ಮ ಬೆಳಗೊಳದಲ್ಲಷ್ಟೇ ಅಲ್ಲ, ಮೈಸೂರಿನ ಏಸಿ ಅಂಗಡಿಗಳಲ್ಲೂ ಸಿಕ್ತಾರೆ. ಅಲ್ಲಾ ಸ್ವಾಮಿ, ರಾಗಿಯಿಂದ ಮುದ್ದೆನೂ ಆಗುತ್ತೆ, ರೊಟ್ಟಿನೂ ಆಗುತ್ತೆ, ಅಂಬಲಿನೂ ಆಗುತ್ತೆ. ಮೂರಕ್ಕೂ ಬೇರೆ ಬೇರೆ ಹೊಲ ಬೇಕಾ?

ಟೀ ಕಥೆನೂ ಇಷ್ಟೇ. ಗಿಡ ಒಂದೇ, ಕೆಮೀಲಿಯ ಸೈನೆನ್ಸಿಸ್. ಚಳಿ ತಡೆಯೋ ಸಣ್ಣೆಲೆಯ ಚೀನಾ ತಳಿ, ಮಳೆ-ಸೆಖೆಗೆ ಹುಲುಸಾಗಿ ಬೆಳೆಯೋ ದೊಡ್ಡೆಲೆಯ ಅಸ್ಸಾಂ ತಳಿ, ಇವೆರಡು ಮುಖ್ಯ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಂದಾಗುತ್ತಲ್ಲ, ಕಿತ್ತು ಹೊಸಕಿದ ಟೀ ಸೊಪ್ಪೂ ಹಾಗೇ ಆಗುತ್ತೆ. ಮೊದಲೇ ಶಾಖ ಕೊಟ್ಟು ಅದನ್ನ ತಡೆದರೆ ಗ್ರೀನ್ ಟೀ. ಪೂರ್ತಿ ಕಂದಾಗಲು ಬಿಟ್ಟರೆ ಬ್ಲ್ಯಾಕ್ ಟೀ. ನಡುವೆ ನಿಲ್ಲಿಸಿದರೆ ಊಲಾಂಗ್. ಎಳೆ ಮೊಗ್ಗನ್ನ ಹೊಸಕದೆ ಬಾಡಿಸಿ ಒಣಗಿಸಿದರೆ ವೈಟ್ ಟೀ. ಇನ್ನು ತುಳಸಿ ಟೀ, ದಾಸವಾಳದ ಟೀ ಅಂತ ಮಾರ್ತಾರಲ್ಲ, ಅದಕ್ಕೆ ನಮ್ಮಜ್ಜಿ ಕಷಾಯ ಅಂತಿದ್ದರು. 2025ರ ಡಿಸೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೂ ಅದನ್ನೇ ಹೇಳಿತು: ಆ ಗಿಡದ್ದಲ್ಲದ್ದಕ್ಕೆ ಟೀ ಅನ್ನೋ ಹೆಸರು ಹಾಕಬೇಡಿ ಅಂತ. ಅಜ್ಜಿಗೆ ಸಂಬಳ ಕೊಡಬೇಕಿತ್ತು!

ಆದರೆ ನನ್ನ ಜಗಳ ಗ್ರೀನ್ ಟೀಯವರ ಜೊತೆ ಅಲ್ಲ, ನಮ್ಮವರ ಜೊತೆ.

ನಾವು ಹಾಲು ಹಾಕಿ ಕುದಿಸೋದು ಸಿಟಿಸಿ ಟೀ. 1930ರ ಆಸುಪಾಸಿನಲ್ಲಿ ಅಸ್ಸಾಮಿನಲ್ಲಿ ಶುರುವಾದ ಪದ್ಧತಿ. ಹಲ್ಲುಗಳಿರೋ ರೋಲರ್‌ಗಳ ನಡುವೆ ಸೊಪ್ಪನ್ನ ನುರಿದು, ಹರಿದು, ಹರಳು ಮಾಡ್ತಾರೆ. ಬೇಗ ಬಣ್ಣ ಬಿಡುತ್ತೆ, ಹಾಲಿನ ಎದುರು ನಿಲ್ಲುತ್ತೆ. ಡಾರ್ಜಿಲಿಂಗ್ ಟೀ ಹಾಗಲ್ಲ. ಹೆಚ್ಚಾಗಿ ಚೀನಾ ತಳಿಯದು, ತೆಳು ಬಣ್ಣ, ಹೂವಿನಂಥ ಘಮ. ಅದಕ್ಕೆ ಹಾಲು ಸುರಿದರೆ ಕಥೆ ಮುಗೀತು. ಹಾಗಂತ ಸಿಟಿಸಿ ಕೀಳು, ಅದು ಮೇಲು ಅನ್ನೋದು ಬರೀ ಜಂಬ. ಮುಂಜಾನೆ ಗದ್ದೆಗೆ ನೀರು ಕಟ್ಟೋಕೆ ಹೊರಟವನಿಗೆ ಹೂವಿನ ಘಮ ಕಟ್ಟಿಕೊಂಡು ಏನಾಗಬೇಕು? ಅವನಿಗೆ ಬೇಕಾದ್ದು ಖಡಕ್ ಟೀ.

ತೊಂದರೆ ಇರೋದು ಆ ‘ಖಡಕ್’ ಅನ್ನೋದರಲ್ಲೇ. ನಾವು ನೋಡೋದು ಬಣ್ಣ ಮಾತ್ರ. "ಕಲರ್ರೇ ಬಂದಿಲ್ಲವಲ್ಲಣ್ಣ" ಅಂತ ಲೋಟ ಎತ್ತಿ ತೋರಿಸ್ತೀವಿ. ಆಮೇಲೆ ಬಿಡಿ ಡಸ್ಟ್ ಮಾರೋನು ಏನು ಮಾಡ್ತಾನೆ? ಒಮ್ಮೆ ಕುದಿಸಿ ಬಿಸಾಡಿದ ಚರಟ ಒಣಗಿಸಿ, ಬಣ್ಣ ಬೆರೆಸಿ, ಮತ್ತೆ ನಮಗೇ ಮಾರೋ ಕಳ್ಳರಿದ್ದಾರೆ. ಅದನ್ನ ಕುಡಿದು "ಏನ್ ಸ್ಟ್ರಾಂಗು!" ಅಂತೀವಿ.

ಮಂಡ್ಯ ಜಿಲ್ಲೆಯವರಿಗೆ ಇದು ಹೊಸದಾ? ನಾವು ಬೆಲ್ಲದವರು. ಆಲೆಮನೆಯಲ್ಲಿ ಕೊಪ್ಪರಿಗೆಗೆ ಹೈಡ್ರೋಸ್ ಯಾಕೆ ಬೀಳುತ್ತೆ ಅಂತ ಪಾಂಡವಪುರದ ಕಡೆ ಯಾರನ್ನ ಕೇಳಿದರೂ ಹೇಳ್ತಾರೆ. ಪೇಟೆಯವರಿಗೆ ಬೆಳ್ಳಗಿನ ಬೆಲ್ಲ ಬೇಕು, ಕಂದು ಬೆಲ್ಲಕ್ಕೆ ರೇಟಿಲ್ಲ! ಆ ಪೇಟೆಯವರನ್ನ ಬಾಯಿಗೆ ಬಂದಂಗೆ ಬೈದು, ಎದ್ದು ಟೀ ಅಂಗಡಿಗೆ ಹೋಗಿ ನಾವು ಮಾಡೋದೇನು? ಬೆಲ್ಲ ಬೆಳ್ಳಗಿರಲಿ ಅನ್ನೋ ಅವರಿಗೂ ಟೀ ಕಪ್ಪಗಿರಲಿ ಅನ್ನೋ ನಮಗೂ ಏನು ವ್ಯತ್ಯಾಸ?

ನಷ್ಟ ನಮ್ಮ ಹೊಟ್ಟೆಗೆ ಮಾತ್ರ ಅಲ್ಲ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಕಳೆದು ಗೂಡಲೂರು ಹತ್ತಿದರೆ ಟೀ ತೋಟ. ಮೈಸೂರಿಂದ ಊಟಿಗೆ ಸುಮಾರು 125 ಕಿಲೋಮೀಟರು, ಅಷ್ಟೇ. ಆ ಬೆಟ್ಟಗಳಲ್ಲಿ ಸಣ್ಣ ಹಿಡುವಳಿ ಇಟ್ಟುಕೊಂಡು ಸೊಪ್ಪು ಬೆಳೆಯೋರಲ್ಲಿ ಬಡಗರು ಬಹಳ. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರದ್ದು. ಒಂದು ಕೆಜಿ ಪುಡಿಗೆ ನಾಲ್ಕು ಕೆಜಿಗಿಂತ ಹೆಚ್ಚು ಹಸಿ ಸೊಪ್ಪು ಬೇಕು. ಹಸಿ ಸೊಪ್ಪಿಗೆ ಸರಿಯಾದ ಬೆಲೆ ಕೊಡಿ ಅಂತ ಅವರು 2023ರಲ್ಲೂ ಉಪವಾಸ ಕೂತಿದ್ದರು. ಚರಟಕ್ಕೆ ಬಣ್ಣ ಹಚ್ಚಿದ್ದೇ ಖಡಕ್ ಅಂತ ಕೊಳ್ಳೋ ಗಿರಾಕಿ ಇರೋವಾಗ, ನಿಜವಾದ ಸೊಪ್ಪಿಗೆ ಯಾವನು ಬೆಲೆ ಕೊಟ್ಟಾನು? ಕಬ್ಬಿನ ಬಾಕಿಗೆ ರಸ್ತೆಗೆ ಇಳಿಯೋ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

ಅನುಮಾನ ಇದ್ದರೆ ಒಂದು ಫಿಲ್ಟರ್ ಪೇಪರ್ ತಗೊಳ್ಳಿ. ಅದರ ಮೇಲೆ ಒಂದು ಚಿಟಿಕೆ ಟೀಪುಡಿ ಹರಡಿ, ನೀರು ಚಿಮುಕಿಸಿ, ಆಮೇಲೆ ನಲ್ಲಿ ಕೆಳಗೆ ತೊಳೆದು ಪೇಪರನ್ನ ಬೆಳಕಿಗೆ ಹಿಡೀರಿ. ಒಳ್ಳೇ ಪುಡಿ ಕಲೆ ಉಳಿಸಲ್ಲ. ಬಣ್ಣ ಬೆರೆಸಿದ್ದಾದರೆ ಕಲೆ ಅಲ್ಲೇ ಕೂತಿರುತ್ತೆ. ಆ ಪೇಪರನ್ನ ಮಡಚಿ ಜೇಬಿಗಿಟ್ಟುಕೊಂಡು, ಪುಡಿ ಕೊಟ್ಟವನ ಅಂಗಡಿಗೇ ಹೋಗಿ.